ಹೂವುದುರಿದ ಮೇಲೆ

ಹೂವಿರುವಷ್ಟು ದಿನ ಗಿಡಕ್ಕೆ ನೆಂಟರು ಹೆಚ್ಚು. ಕೊನೆಯ ಎಸಳು ಉದುರಿತೆಂದರೆ ಕುಂಡಕ್ಕೆ ಹಿತ್ತಿಲೇ ಗತಿ. ಆರ್ಕಿಡ್ಡಿನ ಪಾಲಿಗಂತೂ ಈ ಅನ್ಯಾಯ ನಿತ್ಯದ್ದು. ನಮ್ಮ ಮಲೆನಾಡಿನ ಸೀತಾಳೆಯೂ ಇದೇ ಬಳಗದ್ದು. ಪೇಟೆಯಲ್ಲಿ ಇಂದು ಹೆಚ್ಚಾಗಿ ದೊರೆಯುವ ಕುಲಕ್ಕೆ 1825ರಲ್ಲಿ ಬ್ಲೂಮ್ ಎಂಬ ಸಸ್ಯಶಾಸ್ತ್ರಜ್ಞನು ‘ಫಲೆನಾಪ್ಸಿಸ್’ ಎಂದು ಹೆಸರಿಟ್ಟನು. ಪತಂಗದಂತಿರುವುದು ಎಂದು ಅದರ ಅರ್ಥ. ಪತಂಗಗಳು ಹಾರಿಹೋದುವೆಂದು ಗಿಡ ಸತ್ತಿತೆನ್ನಬಹುದೆ?

ನನ್ನ ಓದುವ ಕೋಣೆಯ ಮೂಡಣ ಕಿಟಕಿಯಲ್ಲಿ ಅಂಥದೊಂದು ಗಿಡವಿದೆ. ಹೂವು ಮುಗಿದಾಗ ನಾನು ಮೊದಲು ನೋಡುವುದು ಹೂದಂಟನ್ನು. ಅದು ಹಸುರಾಗಿದ್ದರೆ, ಬುಡದಿಂದ ಎರಡನೆಯ ಇಲ್ಲವೆ ಮೂರನೆಯ ಗೆಣ್ಣಿನ ಮೇಲೆ ಶುಚಿಯಾದ ಕತ್ತರಿಯಿಂದ ಕತ್ತರಿಸುತ್ತೇನೆ. ಅಲ್ಲಿ ಹೊಸ ಕವಲೊಡೆದು ಮತ್ತೆ ಹೂಬಿಟ್ಟರೂ ಬಿಡಬಹುದು. ದಂಟು ಒಣಗಿದ್ದರೆ, ಅಥವಾ ಗಿಡವೇ ಸೊರಗಿದ್ದರೆ, ಬುಡಕ್ಕೆ ಕತ್ತರಿಸುವುದು ಲೇಸು.

ನೀರಿನ ವಿಚಾರದಲ್ಲಿ ಬೇರೇ ಗುರು. ಕಾಡಿನಲ್ಲಿ ಮರದ ತೊಗಟೆಗಂಟಿ, ಗಾಳಿಗೆ ಮೈಯೊಡ್ಡಿ ಬೆಳೆಯುವ ಬೇರದು; ಒಣಗಿದಾಗ ಬೆಳ್ಳಿಯ ಬಣ್ಣ, ತಣಿದಾಗ ಹಸುರು. ಬೆಳ್ಳಿ ಕಂಡಾಗ ನೀರೆರೆದರೆ ಸಾಕು. ಕುಂಡದ ತಳದಲ್ಲಿ ನೀರು ನಿಲ್ಲಬಾರದು. ಕುಂಡದೊಳಗಿನ ತೊಗಟೆಯ ಚೂರುಗಳು ಎರಡು ವರ್ಷಗಳಲ್ಲಿ ಕೊಳೆತು ಪುಡಿಯಾಗುತ್ತವೆ. ಅವನ್ನು ಬದಲಿಸಲು ಹೂವಿಲ್ಲದ ಈ ಕಾಲವೇ ತಕ್ಕುದು. ಉರಿಬಿಸಿಲಲ್ಲದ ಬೆಳಕು, ಆಗಾಗ ತೆಳುವಾದ ಗೊಬ್ಬರ ಇದ್ದರೆ ಹೊಸ ಎಲೆ ಮೂಡುತ್ತದೆ. ಮುಂದೆ ತಂಪಾದ ಇರುಳುಗಳು ಕೆಲವು ವಾರ ಸೋಕಿದಾಗ ಹೊಸ ದಂಟು ತಲೆಯೆತ್ತುತ್ತದೆ.

ಹೂವೆಂದರೆ ಗಿಡದ ವೆಚ್ಚ. ಗಳಿಕೆಯೆಲ್ಲ ಯಾರೂ ನೋಡದ ಈ ತಿಂಗಳುಗಳಲ್ಲಿ, ಎಲೆಯಲ್ಲಿ, ಬೇರಿನಲ್ಲಿ. ವರ್ಷವೆಲ್ಲ ಪಾಠ ಹೇಳಿ, ಫಲವನ್ನು ಎಂದೋ ಕಾಣುವ ನಮ್ಮಂಥವರಿಗೆ ಈ ಲೆಕ್ಕ ಬೇಗ ತಿಳಿಯುತ್ತದೆ.