ಫೋನು ಕೆಟ್ಟಿಲ್ಲ, ತುಂಬಿದೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ನಮ್ಮದು ಮಳೆ ನಂಬಿದ ಸೀಮೆ. ಈ ಐದೂ ತಾಲ್ಲೂಕುಗಳು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿವೆ. ಮಳೆ ಕೈಕೊಟ್ಟ ವರ್ಷ ನಮ್ಮ ಮಂದಿ ಗುಳೆ ಹೋಗುತ್ತಾರೆ. ಮಗ, ಸೊಸೆ ಬೆಂಗಳೂರಿನಲ್ಲಿ. ತಾಯಿ ಊರಲ್ಲಿ. ನಡುವೆ ಇರುವುದು ಫೋನು, ಅದರಲ್ಲಿ ವಾಟ್ಸಾಪ್.

"ಮೊಮ್ಮಗಳ ಫೋಟೊ ಕಳಿಸೀನಿ, ನೋಡವ್ವ" ಅಂತಾನೆ ಮಗ. ತಾಯಿ ಫೋನು ಒತ್ತುತ್ತಾಳೆ. ಫೋಟೊ ಬರುವುದಿಲ್ಲ. ಜಾಗ ಇಲ್ಲ ಎಂದು ಫೋನು ತೋರಿಸುತ್ತದೆ.

"ಈ ಫೋನು ಕೆಟ್ಟೈತಿ, ಹೊಸಾದು ತಗೋಬೇಕು" ಅಂತೀವಿ ನಾವು. ಸ್ವಲ್ಪ ತಡೆಯಿರಿ. ಹೊಸ ಫೋನಿಗೆ ಎಷ್ಟು ದಿನದ ಕೂಲಿ ಬೇಕು, ಲೆಕ್ಕ ಹಾಕಿ. ನಮ್ಮ ಫೋನು ಕೆಟ್ಟಿಲ್ಲ. ತುಂಬಿದೆ, ಅಷ್ಟೆ.

ಜಾಗ ಎಲ್ಲಿ ಹೋಯಿತು?

ಫೋನಿನ ಒಳಗೆ ಒಂದು ಕಣಜ ಇದೆ ಎಂದು ತಿಳಿಯಿರಿ. ಅದಕ್ಕೆ ಸ್ಟೋರೇಜ್ ಎನ್ನುತ್ತಾರೆ. ಕಾಳನ್ನು ಸೇರು, ಚೀಲದಲ್ಲಿ ಅಳೆಯುತ್ತೇವೆ. ಇದನ್ನು ಎಂಬಿ, ಜಿಬಿಯಲ್ಲಿ ಅಳೆಯುತ್ತಾರೆ. ಸುಮಾರು 1,000 ಎಂಬಿ ಸೇರಿದರೆ 1 ಜಿಬಿ.

ಬರೀ ಅಕ್ಷರದ ಮೆಸೇಜಿಗೆ ಬಹಳ ಕಡಿಮೆ ಜಾಗ ಸಾಕು. ಫೋಟೊಗೆ ಅದಕ್ಕಿಂತ ಹೆಚ್ಚು ಬೇಕು. ವಿಡಿಯೊಗೆ ಎಲ್ಲಕ್ಕಿಂತ ಹೆಚ್ಚು.

ಒಂದು ಲೆಕ್ಕ ಮಾಡೋಣ. ಒಂದು ವಿಡಿಯೊ 5 ಎಂಬಿ ಎಂದುಕೊಳ್ಳಿ. ದಿನಕ್ಕೆ 10 ವಿಡಿಯೊ ಬಂದರೆ 50 ಎಂಬಿ. ತಿಂಗಳಿಗೆ 1,500 ಎಂಬಿ. ಅಂದರೆ ಒಂದೂವರೆ ಜಿಬಿ. ಆರು ತಿಂಗಳಿಗೆ 9 ಜಿಬಿ ಆಯಿತು! ಕೆಲವರ ಫೋನಿನಲ್ಲಿ ಇರುವುದೇ 32 ಜಿಬಿ. ಅದರಲ್ಲೂ ಒಂದು ಪಾಲು ಫೋನು ನಡೆಯುವುದಕ್ಕೇ ಬೇಕು.

ನಾವು ಎಷ್ಟು ಗ್ರೂಪಿನಲ್ಲಿ ಇದ್ದೇವೆ? ಸಂಘದ ಗ್ರೂಪು, ಶಾಲೆಯ ಗ್ರೂಪು, ಓಣಿಯ ಗ್ರೂಪು, ಬೀಗರ ಗ್ರೂಪು. ಬೆಳಗಾದರೆ ಶುಭೋದಯದ ಚಿತ್ರ. ಕೊಟ್ಟೂರು ತೇರಿನ ವಿಡಿಯೊ, ಮೈಲಾರದ ಕಾರಣಿಕದ ವಿಡಿಯೊ ನಾಲ್ಕು ಗ್ರೂಪಿನಿಂದ ನಾಲ್ಕು ಸಲ. ನಾವು ನೋಡಲಿ, ಬಿಡಲಿ, ಅವು ಬಂದು ಕೂರುತ್ತವೆ.

ಮೊದಲು ಕಾಳು ಎತ್ತಿಡಿ

ಕಣದಲ್ಲಿ ರಾಶಿಯನ್ನು ಹಾಗೆಯೇ ಮನೆಗೆ ತರುತ್ತೇವೆಯೇ? ಇಲ್ಲ. ತೂರುತ್ತೇವೆ. ಕಾಳು ಉಳಿಯುತ್ತದೆ, ಹೊಟ್ಟು ಹೋಗುತ್ತದೆ. ಫೋನಿನಲ್ಲೂ ಹೀಗೇ ಮಾಡಬೇಕು.

ಪಹಣಿಯ ಫೋಟೊ, ಆಸ್ಪತ್ರೆಯ ಚೀಟಿ, ಮೆಕ್ಕೆಜೋಳ ಮಾರಿದ ರಸೀದಿ, ತೀರಿಹೋದ ಹಿರಿಯರ ಚಿತ್ರ, ಇವು ಕಾಳು. ಇವನ್ನು ವಾಟ್ಸಾಪಿನಲ್ಲಿ ಮಾತ್ರ ಇಟ್ಟುಕೊಳ್ಳಬೇಡಿ. ಫೋನು ಕಳೆದರೆ, ನೀರಿಗೆ ಬಿದ್ದರೆ ಎಲ್ಲವೂ ಹೋಗಬಹುದು. ಕಾಗದಪತ್ರಗಳನ್ನು ಪ್ರಿಂಟ್ ತೆಗೆಸಿ ಇಡಿ. ಚಿತ್ರಗಳನ್ನು ಮೆಮೊರಿ ಕಾರ್ಡಿಗೋ ಪೆನ್ ಡ್ರೈವಿಗೋ ಹಾಕಿಸಿ.

ಈಗ ಹೊಟ್ಟು ತೂರೋಣ

1. ವಾಟ್ಸಾಪ್ ತೆರೆಯಿರಿ. ಮೇಲೆ ಬಲಗಡೆ ಮೂರು ಚುಕ್ಕಿ ಇವೆ. ಒತ್ತಿ.

2. ಸೆಟ್ಟಿಂಗ್ಸ್ ಒತ್ತಿ. ಅದರಲ್ಲಿ 'ಸ್ಟೋರೇಜ್ ಅಂಡ್ ಡೇಟಾ' ಒತ್ತಿ.

3. 'ಮ್ಯಾನೇಜ್ ಸ್ಟೋರೇಜ್' ಒತ್ತಿ. ವಾಟ್ಸಾಪ್ ಎಷ್ಟು ಜಾಗ ಹಿಡಿದಿದೆ ಎಂದು ಮೇಲೆ ಕಾಣುತ್ತದೆ.

4. ಅದರ ಕೆಳಗೆ, ಬಹಳ ಸಲ ಫಾರ್ವರ್ಡ್ ಆದವು ಒಂದು ಕಡೆ ಇರುತ್ತವೆ. 5 ಎಂಬಿಗಿಂತ ದೊಡ್ಡವು ಇನ್ನೊಂದು ಕಡೆ. ಇನ್ನೂ ಕೆಳಗೆ, ಯಾವ ಗ್ರೂಪು ಎಷ್ಟು ಜಾಗ ತಿಂದಿದೆ ಎಂಬ ಪಟ್ಟಿ ಇದೆ.

5. ಒಂದನ್ನು ತೆರೆಯಿರಿ. ಬೇಡವಾದ ವಿಡಿಯೊ ಮೇಲೆ ಬೆರಳು ಒತ್ತಿ ಹಿಡಿಯಿರಿ. ಸರಿ ಗುರುತು ಬೀಳುತ್ತದೆ. ಹೀಗೆ ಒಂದೊಂದನ್ನೇ ಆರಿಸಿ. ಆಮೇಲೆ ಕಸದ ಬುಟ್ಟಿಯ ಚಿತ್ರ ಒತ್ತಿ.

ನಿಮ್ಮ ಫೋನಿನ ವಾಟ್ಸಾಪ್ ಕನ್ನಡದಲ್ಲಿದ್ದರೆ ಈ ಹೆಸರುಗಳೂ ಕನ್ನಡದಲ್ಲಿ ಇರುತ್ತವೆ. ಓದಿಕೊಂಡು ಒತ್ತಿ. ಓದು ಬರುತ್ತದಲ್ಲ, ಇನ್ನು ಅಂಜಿಕೆ ಯಾಕೆ?

"ನಾನು ಅಳಿಸಿದರೆ ಗ್ರೂಪಿನವರದ್ದೂ ಹೋಗ್ತೈತೇನ್ರಿ?" ಎಂದು ಕೆಲವರು ಕೇಳುತ್ತಾರೆ. ಹೀಗೆ ಅಳಿಸಿದರೆ ಹೋಗುವುದಿಲ್ಲ. ನಿಮ್ಮ ಫೋನಿನಲ್ಲಿ ಮಾತ್ರ ಹೋಗುತ್ತದೆ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಬಾಗಿಲು ಹಾಕಿ

ಇಂದು ತೂರಿದ್ದು ನಾಳೆ ಮತ್ತೆ ತುಂಬಬಾರದು. ಅದೇ 'ಸ್ಟೋರೇಜ್ ಅಂಡ್ ಡೇಟಾ'ದಲ್ಲಿ 'ಮೀಡಿಯಾ ಆಟೊ ಡೌನ್‌ಲೋಡ್' ಎಂದಿದೆ. ಅದರ ಕೆಳಗೆ ಮೊಬೈಲ್ ಡೇಟಾ, ವೈಫೈ, ರೋಮಿಂಗ್ ಎಂಬ ಮೂರು ಸಾಲು. ಒಂದೊಂದನ್ನೂ ತೆರೆದು ಸರಿ ಗುರುತು ತೆಗೆಯಿರಿ. ಓಕೆ ಒತ್ತಿ.

ಇನ್ನು ಮುಂದೆ ಚಿತ್ರಗಳು ಮಸುಕಾಗಿ ಕಾಣುತ್ತವೆ. ಬೇಕಾದ್ದನ್ನು ಒತ್ತಿದರೆ ಮಾತ್ರ ಒಳಗೆ ಬರುತ್ತದೆ. ಜಾಗವೂ ಉಳಿಯಿತು, ನೆಟ್ ಪ್ಯಾಕೂ ಉಳಿಯಿತು. ಮಗ ಮಾತಾಡಿ ಕಳಿಸಿದ ವಾಯ್ಸ್ ಮೆಸೇಜ್ ಮಾತ್ರ ತಾನಾಗಿಯೇ ಬರುತ್ತದೆ. ಅದಕ್ಕೆ ತಡೆ ಇಲ್ಲ.

ಎಚ್ಚರ!

ಫೋನಿನ ಸೆಟ್ಟಿಂಗ್ಸಿನಲ್ಲಿ 'ಕ್ಲಿಯರ್ ಡೇಟಾ' ಅಥವಾ 'ಕ್ಲಿಯರ್ ಸ್ಟೋರೇಜ್' ಎಂದು ಇರುತ್ತದೆ. ವಾಟ್ಸಾಪಿಗೆ ಅದನ್ನು ಒತ್ತಬೇಡಿ. ಬ್ಯಾಕಪ್ ಇಲ್ಲದಿದ್ದರೆ ಹಳೆಯ ಮಾತುಗಳೆಲ್ಲ ಹೋಗಬಹುದು. ಹೊಟ್ಟಿನ ಜೊತೆ ಕಾಳೂ ಹಾರಿಹೋದಂತೆ. 'ಕ್ಲಿಯರ್ ಕ್ಯಾಶ್' ಬೇರೆ. ಅದರಿಂದ ಮಾತುಗಳು ಹೋಗುವುದಿಲ್ಲ.

"ಫೋನು ಸ್ವಚ್ಛ ಮಾಡುತ್ತೇವೆ, ಈ ಲಿಂಕ್ ಒತ್ತಿ" ಎಂದು ಮೆಸೇಜು ಬಂದರೆ ಒತ್ತಬೇಡಿ. ಓಟಿಪಿ ಯಾರು ಕೇಳಿದರೂ ಹೇಳಬೇಡಿ. ಜಾಗ ಖಾಲಿ ಮಾಡಲು ಓಟಿಪಿ ಬೇಕಾಗಿಲ್ಲ.

ಮಾಡಿ ನೋಡಿ

ನಿಮ್ಮ ಫೋನಿನಲ್ಲಿ ಹೆಚ್ಚು ಜಾಗ ತಿಂದ ಗ್ರೂಪು ಯಾವುದು? ಎಷ್ಟು ಎಂಬಿ? ಹೆಸರು, ಅಂಕಿ ಎರಡನ್ನೂ ಬರೆದುಕೊಳ್ಳಿ. ಹತ್ತು ವಿಡಿಯೊ ಅಳಿಸಿ. ಮತ್ತೆ ಅಂಕಿ ಓದಿ. ಎಷ್ಟು ಉಳಿಯಿತು? ಕಳೆದು ನೋಡಿ. ಆಮೇಲೆ ನಿಮ್ಮ ಓಣಿಯಲ್ಲಿ ಇನ್ನೊಬ್ಬರಿಗೆ ಹೇಳಿಕೊಡಿ.