ಖಾಲಿ ಬಾಟಲಿ ಕಸವಲ್ಲ

ಸಾಗರದ ನಮ್ಮ ಮನೆಯ ಅಡುಗೆಮನೆಯಲ್ಲಿ ಹಾರ್ಲಿಕ್ಸ್ ಬಾಟಲಿಗಳದ್ದೇ ಒಂದು ಸಾಲು. ಒಂದರಲ್ಲಿ ಸಾಸಿವೆ, ಒಂದರಲ್ಲಿ ಚಹಾಪುಡಿ, ಕೊನೆಯದರಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ. ಗಾಜಿನ ಬಾಟಲಿ ಎಸೆಯುವುದೆಂದರೆ ಅಮ್ಮನಿಗೆ ಪಾತ್ರೆ ಎಸೆದಷ್ಟೇ ಸಂಕಟ. ಕೆಲಸ ಸಿಕ್ಕಿ ಪುಣೆಗೆ ಬಂದ ಮೇಲೆ ನಾನು ಆ ಅಭ್ಯಾಸ ಬಿಟ್ಟೆ. ಜಾಮ್, ಸಾಸ್, ಜೇನುತುಪ್ಪ, ಖಾಲಿಯಾದದ್ದೆಲ್ಲ ಕಸದ ಬುಟ್ಟಿಗೆ.

ಎರಡು ವರ್ಷದ ಹಿಂದೆ, ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ಸಾಸ್ ಬಾಟಲಿ ಕೈಜಾರಿ ಒಡೆಯಿತು. ಚೂರುಗಳನ್ನು ಗುಡಿಸಿ ಒಣಕಸದ ಚೀಲಕ್ಕೆ ಸುರಿದೆ. ಮರುದಿನ ಕಸ ಒಯ್ಯಲು ಬಂದ ತಾಯಿಯ ಅಂಗೈಗೆ ಬಟ್ಟೆ ಸುತ್ತಿತ್ತು. (ಇಲ್ಲಿ ‘ತಾಯಿ’ ಎಂದರೆ ಅಕ್ಕ.) “ಕಾಚ್ ಹೋತೀ,” ಗಾಜಿತ್ತು, ಎಂದರಷ್ಟೆ. ಬೈಯಲಿಲ್ಲ. ಅದು ನಮ್ಮ ಮನೆಯ ಚೀಲವೇ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಪುಣೆಯ ಕಸ ಆಯುವವರು 1993ರಲ್ಲಿ ಕಟ್ಟಿಕೊಂಡ ಸಂಘಟನೆಯ ಹೆಸರೇ ‘ಕಾಗದ್ ಕಾಚ್ ಪತ್ರಾ ಕಷ್ಟಕರಿ ಪಂಚಾಯತ್’. ಕಾಗದ, ಗಾಜು, ತಗಡು ಆಯ್ದು ದುಡಿಯುವವರ ಪಂಚಾಯಿತಿ. ನಾವು ಎಸೆದ ಗಾಜು ಅವರ ಬರಿಗೈಗೇ ಹೋಗುತ್ತದೆ ಎಂಬುದು ಅಂದು ನನಗೆ ಅರ್ಥವಾಯಿತು.

ಮರಳು, ಸೋಡಾ ಬೂದಿ, ಸುಣ್ಣಕಲ್ಲನ್ನು ಸುಮಾರು 1500 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿಸಿದರೆ ಗಾಜು. ಹಳೆಯ ಗಾಜಿನ ಚೂರು ಸೇರಿಸಿದರೆ ಕುಲುಮೆಗೆ ಇಂಧನ ಕಡಿಮೆ ಸಾಕು. ಎಷ್ಟು ಸಲ ಕರಗಿಸಿದರೂ ಗಾಜಿನ ಗುಣ ಕೆಡುವುದಿಲ್ಲ. ಆದರೂ ಕರಗಿಸುವುದಕ್ಕಿಂತ ತೊಳೆದು ಮತ್ತೆ ಬಳಸುವುದು ಎಷ್ಟೋ ಮೇಲು. ಗೋಲಿಸೋಡಾ ಅಂಗಡಿಯವರಿಗೆ ಇದು ಮೊದಲಿನಿಂದಲೂ ಗೊತ್ತು.

ಮನೆಯಲ್ಲಿ ನಾನೀಗ ಮಾಡುವುದಿಷ್ಟು. ಬಾಟಲಿಯನ್ನು ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿದರೆ ಲೇಬಲ್ ಸುಲಿದು ಬರುತ್ತದೆ. ಉಳಿದ ಅಂಟಿಗೆ ಅಡುಗೆ ಎಣ್ಣೆ, ಅಡುಗೆ ಸೋಡಾ ಕಲಸಿ ಉಜ್ಜಿದರೆ ಸಾಕು. ಗಾಜಿಗಿಂತ ಮುಚ್ಚಳವೇ ವಾಸನೆ ಹಿಡಿಯುವುದರಿಂದ ಉಪ್ಪಿನಕಾಯಿಯ ಮುಚ್ಚಳ ಉಪ್ಪಿನಕಾಯಿಗೇ ಮೀಸಲು. ತುಂಬುವ ಮೊದಲು ಬಿಸಿಲಿಗಿಟ್ಟು ಪೂರ್ತಿ ಒಣಗಿಸಬೇಕು. ತೇವ ಉಳಿದರೆ ಬೂಷ್ಟು ಖಂಡಿತ. ತಣ್ಣಗಿರುವ ಬಾಟಲಿಗೆ ಕುದಿಯುವ ಸಾರು ಸುರಿಯಬೇಡಿ, ಸೀಳಿಬಿಡುತ್ತದೆ.

ನಮಗೆ ಬೇಡವಾದದ್ದನ್ನು ತೊಳೆದು, ಇಡಿಯಾಗಿಯೇ, ಬೇರೆ ಚೀಲದಲ್ಲಿ ಕೊಡುತ್ತೇನೆ. ಗಾಜಿಗೆ ಭಾರ ಜಾಸ್ತಿ, ಬೆಲೆ ಕಡಿಮೆ. ಹಾಗಾಗಿ ಗುಜರಿಯವರಿಗೂ ಅದರ ಮೇಲೆ ಆಸೆ ಕಡಿಮೆಯೇ, ಸ್ವಚ್ಛವಾಗಿದ್ದರೆ ಒಯ್ಯುತ್ತಾರೆ. ಕನ್ನಡಿ, ಬಲ್ಬು, ಪಿಂಗಾಣಿ, ಓವನ್ನಿನ ಗಾಜಿನ ಪಾತ್ರೆ ಇದರ ಜೊತೆ ಸೇರಬಾರದು. ಅವು ಕರಗುವ ಬಗೆಯೇ ಬೇರೆ. ಒಡೆದ ಚೂರಾದರೆ ದಪ್ಪ ಪೇಪರಿನಲ್ಲಿ ಸುತ್ತಿ, ರಟ್ಟಿನ ಡಬ್ಬಿಯಲ್ಲಿಟ್ಟು, ಮೇಲೆ ಕೆಂಪು ಅಕ್ಷರದಲ್ಲಿ ‘ಕಾಚ್’ ಎಂದು ಬರೆಯುತ್ತೇನೆ. ಓದಲು ಬಾರದವರಿಗೂ ತಿಳಿಯಲೆಂದು ಕೈಯಲ್ಲೇ ಕೊಟ್ಟು ಹೇಳುತ್ತೇನೆ.

ಇದು ಒಬ್ಬೊಬ್ಬರ ಮನೆಗೆ ಮುಗಿಯುವ ಮಾತಲ್ಲ ಎನ್ನುವುದೂ ನಿಜ. ತಮಿಳುನಾಡಿನ ನೀಲಗಿರಿಯಲ್ಲಿ ಒಡೆದ ಮದ್ಯದ ಬಾಟಲಿಗಳು ಕಾಡುಪ್ರಾಣಿಗಳ ಕಾಲು ಕೊಯ್ಯುತ್ತಿದ್ದವು. ಮದ್ರಾಸ್ ಹೈಕೋರ್ಟ್ ಮಧ್ಯೆ ಬಂದ ಮೇಲೆ, 2022ರಲ್ಲಿ ಅಲ್ಲಿ ಬಾಟಲಿಗೆ 10 ರೂಪಾಯಿ ಹೆಚ್ಚು ಪಡೆದು, ಖಾಲಿ ಬಾಟಲಿ ಮರಳಿಸಿದಾಗ ಹಿಂದಿರುಗಿಸುವ ಪದ್ಧತಿ ಶುರುವಾಯಿತು. ಬೆಲೆ ಇದ್ದರೆ ಬಾಟಲಿ ಬೀದಿಗೆ ಬೀಳುವುದಿಲ್ಲ.

ತಾಯಿಯ ಕೈ ವಾಸಿಯಾಗಿದೆ, ಗೆರೆಯೊಂದು ಉಳಿದಿದೆ. ಈ ಬೇಸಿಗೆಗೆ ಊರಿಗೆ ಹೊರಟಾಗ ಬ್ಯಾಗಿನಲ್ಲಿ ನಾಲ್ಕು ಖಾಲಿ ಬಾಟಲಿ ಇರುತ್ತವೆ. ತುಂಬಿಕೊಡಲು ಅಮ್ಮ ಇದ್ದಾಳೆ. ವಾಪಸು ಬಂದ ಮೇಲೆ ಅದರಲ್ಲೊಂದು ತಾಯಿಗೆ.