ಅಜ್ಜಿಯ ಸಂಚಿಯಲ್ಲಿರುವ ಮಾತ್ರೆ

ಹರಿಹರದ ನನ್ನ ಕ್ಲಿನಿಕ್ಕಿಗೆ ಒಂದು ದಿನ ಮಧ್ಯಾಹ್ನ ಅಜ್ಜಿಯೊಬ್ಬರು ಎರಡೂವರೆ ವರ್ಷದ ಮೊಮ್ಮಗನನ್ನು ಹೆಗಲಿಗೆ ಹಾಕಿಕೊಂಡು ಓಡಿಬಂದರು. ಮಗುವಿನ ಮೈ ಬೆವರಿನಿಂದ ತೊಯ್ದಿತ್ತು. ಅಲುಗಿಸಿದರೆ ಕಣ್ಣು ಬಿಟ್ಟು ಮತ್ತೆ ಮುಚ್ಚಿಕೊಳ್ಳುತ್ತಿತ್ತು. ‘ದೃಷ್ಟಿ ಆಗೈತೇನೋ ಅಂತ ನಿವಾಳಿಸಿದೆ ಡಾಕ್ಟ್ರೇ, ಆದ್ರೂ ಏಳವಲ್ದು’ ಎಂದರು.

ರಕ್ತದ ಸಕ್ಕರೆ ನೋಡಿದೆ. ಕೇವಲ 34 ಇತ್ತು! ಕೂಡಲೇ ರಕ್ತನಾಳಕ್ಕೆ ಗ್ಲೂಕೋಸ್ ಕೊಟ್ಟು, ದಾವಣಗೆರೆಯ ಮಕ್ಕಳ ಆಸ್ಪತ್ರೆಗೆ ಕಳಿಸುವ ಏರ್ಪಾಡು ಮಾಡುತ್ತ, ‘ಅಮ್ಮಾ, ನಿಮಗೆ ಸಕ್ಕರೆ ಕಾಯಿಲೆ ಇದೆಯೇ? ಮಾತ್ರೆ ಎಲ್ಲಿಡುತ್ತೀರಿ?’ ಎಂದು ಕೇಳಿದೆ. ಅವರು ಸೊಂಟದಿಂದ ಎಲೆ-ಅಡಿಕೆ ಸಂಚಿ ತೆಗೆದು ಬಿಚ್ಚಿದರು. ಅಡಿಕೆ ಚೂರುಗಳ ನಡುವೆ ಬಿಡಿ ಮಾತ್ರೆಗಳಿದ್ದವು. ಎಣಿಸಿ ನೋಡಿದಾಗ ಎರಡು ಕಡಿಮೆ.

ಮಗು ಉಳಿಯಿತು.

ಓದುಗರೇ, ಮಗ-ಸೊಸೆ ಬೆಂಗಳೂರಿನಲ್ಲಿ ದುಡಿಯುತ್ತಾರೆ, ಮಗು ಅಜ್ಜ-ಅಜ್ಜಿಯ ಬಳಿ ಬೆಳೆಯುತ್ತದೆ. ದಾವಣಗೆರೆಯ ಹತ್ತಿ ಗಿರಣಿಗಳೂ ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯೂ ಮುಚ್ಚಿದ ನಮ್ಮ ಸೀಮೆಯಲ್ಲಿ ಇದು ಹೊಸತಲ್ಲ, ತಪ್ಪೂ ಅಲ್ಲ. ಆದರೆ ಇಂಥ ಮನೆಯಲ್ಲಿ ಪುಟ್ಟ ಮಗುವೂ ಮಾತ್ರೆಗಳೂ ಒಂದೇ ಕೋಣೆಯಲ್ಲಿರುತ್ತವೆ.

ಗ್ಲಿಬೆನ್‌ಕ್ಲಮೈಡ್, ಗ್ಲಿಮಿಪಿರೈಡ್ ಜಾತಿಯ ಒಂದೇ ಮಾತ್ರೆ ಸಾಕು, ಪುಟ್ಟ ಮಗುವಿನ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ‘ನಮ್ಮದು ಬರೀ ಮೆಟ್‌ಫಾರ್ಮಿನ್’ ಎನ್ನುವವರು ಚೀಟಿಯನ್ನು ಇನ್ನೊಮ್ಮೆ ಓದಿಸಿಕೊಳ್ಳಿ. ಎರಡೂ ಸೇರಿದ ಮಾತ್ರೆಗಳೇ ಈಗ ಹೆಚ್ಚು. ಈ ಮಾತ್ರೆಯ ಪರಿಣಾಮ ತಡವಾಗಿ ಶುರುವಾಗಬಹುದು. ಆದ್ದರಿಂದ ಮಗು ಆಡಿಕೊಂಡಿದೆಯೆಂದು ಸುಮ್ಮನಿರಬೇಡಿ, ಆಸ್ಪತ್ರೆಯಲ್ಲಿ ಒಂದು ಹಗಲು, ಒಂದು ರಾತ್ರಿ ನಿಗಾದಲ್ಲಿಡಬೇಕು. ಬಿ.ಪಿ. ಮಾತ್ರೆ, ಬಸುರಿಯರ ಕಬ್ಬಿಣಾಂಶದ ಮಾತ್ರೆಗಳೂ ಮಗುವಿಗೆ ವಿಷವೇ.

ಮಗು ಮಾತ್ರೆ ನುಂಗಿದೆಯೆಂಬ ಅನುಮಾನ ಬಂದರೆ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ, ಉಪ್ಪುನೀರು ಕುಡಿಸಬೇಡಿ. ಅದು ಸಕ್ಕರೆ ಕಾಯಿಲೆಯ ಮಾತ್ರೆಯಾಗಿದ್ದು, ಮಗು ಎಚ್ಚರವಾಗಿ ನುಂಗುವಂತಿದ್ದರೆ ಸಕ್ಕರೆ ನೀರು ಕೊಡಿ. ಮಂಪರಿನಲ್ಲಿದ್ದರೆ ಬಾಯಿಗೆ ಏನನ್ನೂ ಹಾಕದೆ, ಪಕ್ಕಕ್ಕೆ ಮಲಗಿಸಿ 108ಕ್ಕೆ ಫೋನ್ ಮಾಡಿ. ಮಾತ್ರೆಯ ಪಟ್ಟಿಯನ್ನು ಮರೆಯದೆ ಒಯ್ಯಿರಿ.

ಆ ಅಜ್ಜಿ ಮಾತ್ರೆಯನ್ನು ಸಂಚಿಯಲ್ಲಿ ಇಟ್ಟಿದ್ದೇಕೆ? ‘ಹುಡುಗನ ಹಿಂದೆ ಓಡೋದ್ರಾಗ ಮರೆತು ಹೋಗತೈತ್ರಿ, ಕೈಗೆ ಸಿಗಲಿ ಅಂತ’ ಎಂದರು. ಇನ್ನೊಂದು ಅಪಾಯ ಇಲ್ಲಿದೆ. ಬೆಳಿಗ್ಗೆ ಮಾತ್ರೆ ನುಂಗಿದ್ದಾಯಿತು, ಆದರೆ ಮಗುವಿಗೆ ಉಣ್ಣಿಸಿ, ತೊಳೆಸಿ, ಮಲಗಿಸುವ ಹೊತ್ತಿಗೆ ಹನ್ನೊಂದಾಯಿತು. ತಮ್ಮ ತಟ್ಟೆ ಹಾಗೇ ಉಳಿಯಿತು. ಆಗ ಸಕ್ಕರೆ ಇಳಿದು ಬೀಳುವವರು ಅಜ್ಜಿ. ಮನೆಯಲ್ಲಿ ಜೊತೆಗಿರುವುದು ಎರಡು ವರ್ಷದ ಕೂಸು ಮಾತ್ರ. ಮೊದಲು ಅಜ್ಜಿ ಉಣ್ಣಲಿ, ಮಗು ಹತ್ತು ನಿಮಿಷ ಅತ್ತರೆ ಅಳಲಿ ಎಂದು ನಾನು ಹೇಳಿದರೆ ಹೆಂಗಸರು ನನ್ನನ್ನು ಕಟುಕನನ್ನು ನೋಡಿದಂತೆ ನೋಡುತ್ತಾರೆ!

ಮಾತ್ರೆಗಳನ್ನು ಪಟ್ಟಿಯಿಂದ ಬಿಡಿಸಿಡಬೇಡಿ. ಬೀಗವಿರುವ ಬೀರುವಿನಲ್ಲೋ ಟ್ರಂಕಿನಲ್ಲೋ ಇಡಿ. ‘ಇದು ಪೆಪ್ಪರಮೆಂಟು’ ಎಂದು ಮಗುವಿಗೆ ಔಷಧಿ ತಿನ್ನಿಸುವ ಅಭ್ಯಾಸವನ್ನೂ ಬಿಡಿ.

ಮೊಮ್ಮಗುವಿನ ಲಸಿಕೆಗೆ ಸರಕಾರಿ ಆಸ್ಪತ್ರೆಗೆ ಹೋದ ದಿನವೇ ತಮ್ಮ ಬಿ.ಪಿ., ಸಕ್ಕರೆಯನ್ನೂ ನೋಡಿಸಿಕೊಂಡು ಬನ್ನಿ. ಅಲ್ಲಿ ಅದಕ್ಕೆ ದುಡ್ಡಿಲ್ಲ.